ಸಬ್ಜಾ ಗಿಡದ ಮಗ್ಗಲಿಗೆ

“ಹಂಗ ಜಗ್ಗಬ್ಯಾಡೋ, ಬೇರು ಹರೀತಾವ! ಮಣ್ಣು ಸಮೇತ ತಗಿ.”

ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಮುಸ್ತಾಕನ ಕೈಯಿಂದ ಕುರ್ಚಗಿ ಕಸಿದುಕೊಂಡು ರಹಿಮಾಬಿ ತಾನೇ ಗಿಡದ ಸುತ್ತ ಅಗೆದಳು. ಒಳಗೆ ಅವಳ ಅಕ್ಕ, ಮುಸ್ತಾಕನ ತಾಯಿ ಖತೀಜಾಬಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಸವಣೂರಿನ ಆ ಓಣಿಯಲ್ಲಿ ಯಾರು ಸತ್ತರೂ ಗೋರಿಯ ಮೇಲಿಡುವ ಸಬ್ಜಾ ಖತೀಜಾಬಿಯ ಹಿತ್ತಲಿನದೇ. ರಂಜಾನಿನ ಶರಬತ್ತಿಗೆ ಬೀಜವೂ ಅಲ್ಲಿಯದೇ. ಹೊಟ್ಟೆಯುರಿಗೆ ಕಾಮಕಸ್ತೂರಿ ಬೀಜ ಕೊಡ್ರಿ ಎಂದು ಅದನ್ನೇ ಕೇಳಿಕೊಂಡು ಆಚೆ ಓಣಿಯ ಹೆಂಗಸರೂ ಬರುತ್ತಿದ್ದರು.

“ನೆನಪೈತಿಲ್ಲೋ? ನಿಖತನ ತಲಿಕಡೆ ಸಬ್ಜಾ ನಿಂತೈತಿ. ಅದರ ಮಗ್ಗಲಕ್ಕನ ನಿಮ್ಮವ್ವನ್ನ ಇಡಬೇಕು. ಹುಟ್ಟಿದಾಗಿಂದ ಆಕಿ ಬಾಯಿಬಿಟ್ಟು ಕೇಳಿದ್ದು ಇದೊಂದ.”

“ಆತು ಖಾಲಾ,” ಎಂದು ಮುಸ್ತಾಕ ಗಿಡವನ್ನು ಗೋಣಿಯಲ್ಲಿ ಸುತ್ತಿಕೊಂಡ.

*

ನಿಖತ ಮುಸ್ತಾಕನ ಅಕ್ಕ. ಅವನಿನ್ನೂ ತೊಟ್ಟಿಲಲ್ಲಿದ್ದಾಗ ಜ್ವರ ಬಂದು ಹೋದ ಕೂಸು. ಮಣ್ಣು ಮಾಡಿ ಬಂದ ಅಪ್ಪನೂ ಯಲವಿಗಿಯ ಕಡೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ. ಆ ಮನೆಯ ಹೆಂಗಸರು ಖಬರಸ್ತಾನದೊಳಗೆ ಕಾಲಿಡುವ ರೂಢಿಯಿಲ್ಲ. ಗೋರಿಗೆ ಕಲ್ಲಿಲ್ಲ, ಹೆಸರಿಲ್ಲ. ಗುರುತಿಗಿರಲೆಂದು ಖತೀಜಾಬಿ ಒಂದು ಸಬ್ಜಾ ಗಿಡವನ್ನು ಕುಣಿ ತೋಡುವ ಬಂದೇಸಾಬನ ಕೈಗಿಟ್ಟಳು. ಒಂದು ಒಣಗಿದರೂ ಅದರ ಬೀಜ ಉದುರಿ ಮತ್ತೊಂದು ಹುಟ್ಟುತ್ತದೆ ಎಂಬ ಧೈರ್ಯ ಅವಳಿಗೆ. ಅಂದಿನಿಂದ ಗುರುವಾರ ಬಂತೆಂದರೆ ಬಂದೇಸಾಬ ಒಯ್ದು ಗಿಡಕ್ಕೆ ಹಾಕಲೆಂದು ಮನೆಯ ನೀರು ತುಂಬಿದ ಕ್ಯಾನು ಹೊಸ್ತಿಲಲ್ಲಿರುತ್ತಿತ್ತು.

“ಗಿಡ ಹೆಂಗೈತೋ ಬಂದೇಸಾಬ?”

“ಹೂ ಬಿಟ್ಟೈತ್ರಿ ಅವ್ವಾರ.”

ಒಮ್ಮೊಮ್ಮೆ ಅವನು ಒಂದು ಕುಡಿ ತಂದುಕೊಡುತ್ತಿದ್ದ. ಖತೀಜಾಬಿ ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುವಳು. “ನೋಡ ರಹಿಮಾ, ನಮ್ಮ ಹಿತ್ತಲದ್ದಕ್ಕ ಈ ವಾಸನಿ ಎಲ್ಲಿಂದ ಬರಬೇಕು!” ಅಂಥ ದಿನ ಅವಳು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಳು.

*

ಮುಸ್ತಾಕ ಖಬರಸ್ತಾನಕ್ಕೆ ಬಂದಾಗ ಬಂದೇಸಾಬ ಬೇವಿನ ನೆರಳಲ್ಲಿ ಸಲಿಕೆ ಮಗ್ಗುಲಿಗಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಕುಣಿ ತೋಡಿರಲಿಲ್ಲ.

“ಮಧ್ಯಾಹ್ನದ ನಮಾಜಿಗೆ ಜನಾಜಾ ಬರ್ತೈತಿ, ಇನ್ನೂ ಕುಂತೀ ಅಲ್ಲ! ಎಲ್ಲೈತಿ ನಿಖತನ ಗಿಡ?”

ಮುದುಕ ತಲೆ ಎತ್ತಲಿಲ್ಲ. “ಗಿಡ ಇಲ್ಲಪಾ.”

“ಇಲ್ಲಂದ್ರ?”

“ಹಚ್ಚಿದ ವಾರದಾಗನ ಆಡು ಮೇದುವು. ಗ್ವಾಡಿ ಬಿದ್ದೈತಿ, ಎಷ್ಟಂತ ಕಾಯ್ಲಿ? ಹೇಳಾಕಂತನ ಬಂದಿದ್ದೆ. ನಿಮ್ಮವ್ವ ನೀರು ಹಿಡಕೊಂಡು ಬಾಗಲದಾಗ ನಿಂತಿದ್ಲು. ಬಾಯಿ ಬರಲಿಲ್ಲ.”

“ಮತ್ತ ಆ ಕುಡಿ?”

“ನಿಮ್ಮ ಹಿತ್ತಲ ಬೇಲ್ಯಾಗ ಹರಕೊಂಡು ಮುಂದಿನ ಬಾಗಲಕ್ಕ ಬರ್ತಿದ್ದೆ.”

ಮುಸ್ತಾಕನ ಮೈ ಉರಿಯಿತು. “ಬೇಲಿನ ಎದ್ದು ಹೊಲ ಮೇದಂಗಾತಲ್ಲೋ ಮುದುಕಾ! ಗೋರಿನಾದ್ರೂ ಯಾವುದು, ತೋರಸು.”

ಬಂದೇಸಾಬ ಸುಮ್ಮನೆ ಕೈ ಬೀಸಿದ. ಮಳೆಗೆ ಕುಸಿದು ಸಮವಾದ ನೆಲ, ಕರಿಕೆ, ಜಾಲಿಮುಳ್ಳು. “ಈ ಕಡೆನ ಎಲ್ಲೋ. ಇಲ್ಲಾ, ಆ ಕಡೆ. ನೀ ಒಂದ ಸಲ ಒಳಗ ಬಂದು ಕೇಳಿದ್ರ... ಆವಾಗ ನನಗ ನೆನಪಿತ್ತು.”

ವರ್ಷವರ್ಷವೂ ಸತ್ತವರನ್ನು ನೆನೆಯುವ ಶಬೇಬರಾತಿಗೆ ಗೇಟಿನಲ್ಲೇ ನಿಂತು, ಕೈಯೆತ್ತಿ ಫಾತಿಹಾ ಓದಿ, ಬೈಕು ತಿರುಗಿಸಿಕೊಂಡು ಹೋದವನು ಮುಸ್ತಾಕ. ಗೋಣಿಯಲ್ಲಿದ್ದ ಗಿಡವನ್ನು ಬೇವಿನ ಬುಡಕ್ಕಿಟ್ಟ.

“ಎಲ್ಲ್ಯಾದ್ರೂ ತೋಡು,” ಎಂದ.

*

ಸಂಜೆ ರಹಿಮಾಬಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಮಗ್ಗಲಕ್ಕನ ಇಟ್ರಿ?”

“ಹ್ಞೂಂ.”

“ನಿಖತನ ಗಿಡ ಹೆಂಗೈತಿ?”

ಮುಸ್ತಾಕ ಉಗುರಿನೊಳಗಿನ ಮಣ್ಣು ನೋಡಿಕೊಂಡ. ಹೊಸ ಗೋರಿಯ ಮೇಲೆ ಗಿಡ ನೆಟ್ಟು ಏಳುವಷ್ಟರಲ್ಲೇ, ಬಿದ್ದ ಗೋಡೆಯ ಮೇಲೆ ಒಂದು ಆಡು ಬಂದು ನಿಂತಿತ್ತು.

“ಹೂ ಬಿಟ್ಟೈತಿ,” ಎಂದ.

ರಹಿಮಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಕ್ಕನ ಕ್ಯಾನಿಗೆ ನೀರು ತುಂಬಿದಳು. ಅಟ್ಟದ ಮೇಲೆ ತಡಕಾಡಿ ಇನ್ನೊಂದು ಕ್ಯಾನು ಇಳಿಸಿ, ತೊಳೆದು, ಅದಕ್ಕೂ ತುಂಬಿದಳು. ಎರಡನ್ನೂ ತಂದು ಹೊಸ್ತಿಲಲ್ಲಿ ಅವನ ಕಾಲ ಬಳಿ ಇಟ್ಟಳು.