ಸೂಜಿ ಸಿಸ್ಟರ್ ಎಡಗೈ

ನಾನು ಜನರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಮುಂಗೈ, ಅಂಗಡಿಯಲ್ಲಿ ತಕ್ಕಡಿ ಎತ್ತುವವನ ಮೊಣಕೈ ಮಡಿಕೆ, ಇವೇ ನನ್ನ ಕಣ್ಣಿಗೆ ಬೀಳುವುದು. ಮೊನ್ನೆ ಒಬ್ಬ ಡ್ರೈವರನ ಕೈಯಲ್ಲಿ ಹಗ್ಗದಂತೆ ಉಬ್ಬಿದ್ದ ನರಗಳನ್ನು ನೋಡುತ್ತಾ ಮೈಮರೆತು ಇಳಿಯುವ ಸ್ಟಾಪ್ ದಾಟಿ ಹೋದೆ. ಮನೆಗೆ ಬಂದು ಹೇಳಿದರೆ ಮಗಳು, "ಅಮ್ಮ, ಇದನ್ನೆಲ್ಲ ಹೊರಗೆ ಯಾರ ಹತ್ರಾನೂ ಹೇಳ್ಬೇಡ" ಎಂದಳು.

ಏನು ಮಾಡಲಿ, ಹೊಟ್ಟೆಪಾಡೇ ಅದು. ಇಪ್ಪತ್ತೆರಡು ವರ್ಷದಿಂದ ನರ್ಸ್. ಅದರಲ್ಲಿ ಒಂಬತ್ತು ವರ್ಷ, ಕ್ಯಾನ್ಸರ್ ರೋಗಿಗಳು ಬೆಳಗ್ಗೆ ಬಂದು ಕೀಮೋ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವ ವಾರ್ಡಿನಲ್ಲಿ. ಹದಿನಾಲ್ಕು ಒರಗು ಕುರ್ಚಿ, ಡ್ರಿಪ್ ತೂಗುಹಾಕಲು ಹದಿನಾಲ್ಕು ಕಂಬ, ಒಂದು ಕಿಟಕಿ. ಅಲ್ಲಿ ಪ್ರತಿಯೊಂದೂ ಶುರುವಾಗುವುದು ಒಂದು ನರ ಸಿಗುವುದರಿಂದ. ಪುಸ್ತಕದಲ್ಲಿ ಅದು ರಕ್ತನಾಳ. ರೋಗಿಗಳ ಬಾಯಲ್ಲೂ ನಮ್ಮ ಬಾಯಲ್ಲೂ ನರವೇ. ಆ ಔಷಧಿ ಎರಡು ಮೂರು ಸಲ ಹರಿಯಿತೆಂದರೆ ನರಗಳು ಮುದುಡಿ ಮಾಂಸದೊಳಗೆ ಅಡಗಿ ಕೂರುತ್ತವೆ. ಬೇರೆಯವರು ಕೈಚೆಲ್ಲಿದ ಮೇಲೆ ನನ್ನನ್ನು ಕರೆಯುತ್ತಿದ್ದರು. ಅದಕ್ಕೇ ನನ್ನ ಹೆಸರು ಸೂಜಿ ಸಿಸ್ಟರ್.

ನರ ಕಾಣುವುದು ಕಣ್ಣಿಗಲ್ಲ. ನನ್ನ ಎಡಗೈ ತೋರುಬೆರಳಿನ ತುದಿಗೆ ಕಾಣುತ್ತದೆ. ರಬ್ಬರ್ ಪಟ್ಟಿ ಬಿಗಿದು, ಚರ್ಮದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ಬಿಟ್ಟರೆ, ಎಲ್ಲೋ ಒಂದು ಕಡೆ ಅದು ಬೆರಳನ್ನು ಹಿಂದಕ್ಕೆ ತಳ್ಳುತ್ತದೆ. ಇಲ್ಲಿದ್ದೇನೆ ಎನ್ನುತ್ತದೆ. ಅಲ್ಲಿ ಸೂಜಿ ಇಳಿಸಿದರೆ ಅದಕ್ಕೆ ಜೋಡಿಸಿದ ನಳಿಕೆಯ ಬುಡದಲ್ಲಿ ರಕ್ತದ ಕೆಂಪು ಕಾಣಿಸುತ್ತದೆ. ಸಾವಿರಾರು ಸಲ ನೋಡಿದ್ದೇನೆ. ಇವತ್ತಿಗೂ ಆ ಕೆಂಪು ಕಂಡಾಗ ಮೈ ಜುಮ್ಮೆನ್ನುತ್ತದೆ. ಮೇಲೆ ನೋಡಿದರೆ ಸುಮ್ಮನೆ ಒಂದು ಕೈ. ಒಳಗೆ ಹಗಲೂ ರಾತ್ರಿ ಯಾರೂ ಹೇಳದೆ ಕೇಳದೆ ಅಷ್ಟೊಂದು ಹರಿಯುತ್ತಲೇ ಇರುತ್ತದಲ್ಲ ಎಂದು ಬೆರಗಾಗುತ್ತದೆ. ಈ ಬೆರಗನ್ನು ಯಾರಿಗೂ ಹೇಳಿರಲಿಲ್ಲ. ನರ್ಸ್ ಬಾಯಿ ಬಿಟ್ಟುಕೊಂಡು ನಿಂತರೆ ರೋಗಿ ಹೆದರುತ್ತಾನೆ.

ಮನೆಯಲ್ಲಿ ನನ್ನ ಮನರಂಜನೆ ಎಂದರೆ ಅತ್ತೆಯ ಜೊತೆ ಧಾರಾವಾಹಿ. ಅದರಲ್ಲಿ ವಾರಕ್ಕೊಬ್ಬರು ಆಸ್ಪತ್ರೆ ಸೇರುತ್ತಾರೆ. "ಅತ್ತೆ, ಆ ಡ್ರಿಪ್ ನೋಡಿ, ಒಂದು ಹನಿಯೂ ಬೀಳ್ತಿಲ್ಲ" ಎನ್ನುತ್ತೇನೆ. "ನಿನ್ ಡ್ಯೂಟಿ ಮುಗೀತಲ್ಲ, ಸುಮ್ನೆ ಕೂತ್ಕೋ. ಅವಳು ಸಾಯೋದು ಮುಂದಿನ ವಾರ" ಎನ್ನುತ್ತಾರೆ ಅತ್ತೆ.

ಇಂಥ ನನಗೆ ನಲವತ್ತೈದನೇ ವಯಸ್ಸಿನಲ್ಲಿ ಗಿಟಾರ್ ಹುಚ್ಚು ಹತ್ತಿತು. ಗಿಟಾರ್ ಮಗಳದ್ದು. ಹಟ ಹಿಡಿದು ತರಿಸಿಕೊಂಡು, ಹನ್ನೊಂದು ದಿನ ನುಡಿಸಿ, ಬೀರುವಿನ ಹಿಂದೆ ನಿಲ್ಲಿಸಿದ್ದಳು. ಒಂದು ಭಾನುವಾರ ಧೂಳು ಒರೆಸುವಾಗ ಬಟ್ಟೆ ತಂತಿಗೆ ತಗುಲಿತು. ಆ ನಾದ ನನ್ನ ಮೊಣಕಾಲಿಗೆ ಒರಗಿದ್ದ ಮರದಿಂದ ಮೈಯೊಳಗೆ ಇಳಿದು ಬಂತು. ಒರೆಸುವ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ಮಾರನೆಯ ದಿನವೇ ನಮ್ಮ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯವರ ಹತ್ತಿರ ಪಾಠಕ್ಕೆ ಸೇರಿಕೊಂಡೆ. ಅವರು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಕಲಿಸುತ್ತಾರೆ. ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ.

ಮೂರು ತಿಂಗಳಲ್ಲಿ ಒಂದು ಹಾಡು ಮುಕ್ಕಾಲು ಬಂತು. ತಂತಿ ಒತ್ತಿ ಒತ್ತಿ ಎಡಗೈಯ ಮೂರು ಬೆರಳ ತುದಿಗಳು ಮೊದಲು ಬೊಬ್ಬೆ ಬಂದು, ಸುಲಿದು, ಆಮೇಲೆ ಗಟ್ಟಿಯಾಗಿ ಜಡ್ಡುಗಟ್ಟಿದವು. "ಈಗ ನೀವು ನಿಜವಾದ ಶಿಷ್ಯೆ, ಅಕ್ಕ" ಎಂದರು ಮೇಷ್ಟ್ರು. ನನಗೋ ಪದಕ ಸಿಕ್ಕಷ್ಟು ಜಂಬ. ಕಿರುಬೆರಳಿನ ಮೇಲೆ ಮಾತ್ರ ಅವರಿಗೆ ಸಿಟ್ಟು. ಅದು ತಂತಿ ಮುಟ್ಟದೆ ಅಂಗೈಯೊಳಗೆ ಮುದುಡಿ ಕೂರುತ್ತಿತ್ತು. "ಇದೊಂದು ಸೋಮಾರಿ. ಮುಂದಿನ ತಿಂಗಳಿಂದ ಇದಕ್ಕೂ ಕೆಲಸ ಕೊಡ್ತೀನಿ" ಎಂದಿದ್ದರು.

ಅದೇ ತಿಂಗಳು ವಾರ್ಡಿನಲ್ಲಿ ನನಗೆ ಸೂಜಿ ತಪ್ಪತೊಡಗಿತು. ವಾರಕ್ಕೊಂದು, ಆಮೇಲೆ ದಿನಕ್ಕೊಂದು. ಎ.ಸಿ. ತಣ್ಣಗಿದೆ ಅಂದೆ. ರೋಗಿ ನೀರು ಕುಡಿದಿಲ್ಲ ಅಂದೆ. ಹೊಸ ಕಂಪನಿಯ ಸೂಜಿ ಸರಿ ಇಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ಎಲ್ಲರಿಗೂ ಹೇಳುವವಳು ನಾನು, ನನಗೆ ನೆನಪಾಗಲಿಲ್ಲ.

ಮುಂದಿನ ತಿಂಗಳ ಮೊದಲ ಸೋಮವಾರ, ನಾವೆಲ್ಲ ಟೈಲರಮ್ಮ ಎನ್ನುವ ರೋಗಿ ಬಂದರು. ಅರವತ್ತೆರಡು ವಯಸ್ಸು, ಒಣಕಲು ಮೈ, ಬಾಯಿ ಮಾತ್ರ ಜೋರು. ಆರು ಸಲ ಕೀಮೋ ಆಗಬೇಕು, ನಾಲ್ಕು ಮುಗಿದಿತ್ತು. ಹಿಂದಿನ ಎರಡು ಸಲವೂ ಅವರ ನರ ಸಿಕ್ಕಿದ್ದು ನನಗೊಬ್ಬಳಿಗೇ. ನರ ಸಿಗದಿದ್ದರೆ ಎದೆಯ ಮೇಲೆ ಚರ್ಮ ಕೊಯ್ದು ಒಳಗೊಂದು ಸಣ್ಣ ಡಬ್ಬಿ ಕೂರಿಸಿ ಅದರ ಮೂಲಕ ಔಷಧಿ ಕೊಡುವ ದಾರಿ ಇದೆ. ಒಳ್ಳೆಯ ದಾರಿಯೇ, ಎಷ್ಟೋ ಜನರ ಕಷ್ಟ ತಪ್ಪಿಸಿದೆ. ಆದರೆ ಟೈಲರಮ್ಮನ ಅಕ್ಕನಿಗೆ ಹಾಗೆ ಕೂರಿಸಿದ್ದು ಕೀವಾಗಿ, ಆಕೆ ಮನೆಗೆ ವಾಪಸ್ ಬರಲೇ ಇಲ್ಲವಂತೆ. "ಕೊಯ್ಯೋದಾದ್ರೆ ನಾನು ಮನೆಗೆ ಹೋಗ್ತೀನಿ. ಮತ್ತೆ ಈ ಕಡೆ ತಲೆ ಹಾಕಲ್ಲ" ಎಂದು ಡಾಕ್ಟರಿಗೇ ಹೇಳಿದ್ದರು. ಹೇಳಿದಂತೆ ಮಾಡುವ ಹೆಂಗಸು.

ನಮ್ಮ ವಾರ್ಡಿನಲ್ಲಿ ಒಬ್ಬ ನರ್ಸ್ ಒಬ್ಬರಿಗೆ ಎರಡೇ ಸಲ ಚುಚ್ಚಬೇಕು, ಒಟ್ಟು ನಾಲ್ಕಕ್ಕಿಂತ ಹೆಚ್ಚು ಕೂಡದು. ನಾನು ಬರುವಷ್ಟರಲ್ಲಿ ಕಿರಿಯ ನರ್ಸ್ ಎರಡು ಸಲ ಪ್ರಯತ್ನಿಸಿ ಸೋತು, ಕಣ್ಣು ತುಂಬಿಕೊಂಡು ನಿಂತಿದ್ದಳು.

"ಅವಳನ್ನ ಬೈಬೇಡ. ನೀನು ಬಂದ್ಯಲ್ಲ, ಇನ್ನೇನು ಭಯ" ಎಂದರು ಟೈಲರಮ್ಮ.

ಪಟ್ಟಿ ಬಿಗಿದೆ. ತೋರುಬೆರಳಿಟ್ಟೆ. ಏನೂ ಇಲ್ಲ. ಮೇಜಿನ ಮೇಲೆ ಬೆರಳಿಟ್ಟಂತಿತ್ತು. ಹಳೆಯ ಜಾಗ ನೆನಪಿತ್ತು, ಜಂಬವೂ ಇತ್ತು, ಅದರ ಬಲದ ಮೇಲೆ ಚುಚ್ಚಿದೆ. ಕೆಂಪು ಬರಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ಇನ್ನು ಉಳಿದದ್ದು ಒಂದು. ಈ ಔಷಧಿ ನರ ಬಿಟ್ಟು ಆಚೆ ಸೋರಿದರೆ ಚರ್ಮ ಸುಟ್ಟುಹೋಗುತ್ತದೆ. ಅಂದಾಜಿನ ಮೇಲೆ ಚುಚ್ಚುವ ಹಾಗಿಲ್ಲ.

"ಟೈಲರಮ್ಮ, ನಾನು ಸುಳ್ಳು ಹೇಳಲ್ಲ" ಎಂದೆ. "ನನ್ನ ಬೆರಳಿಗೆ ಇವತ್ತು ಏನೂ ಗೊತ್ತಾಗ್ತಿಲ್ಲ."

ಅವರು ಬೈಯಲಿಲ್ಲ. ನನ್ನ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬಟ್ಟೆ ಪರೀಕ್ಷಿಸುವಂತೆ ಬೆರಳ ತುದಿಗಳನ್ನು ಒಂದೊಂದಾಗಿ ಸವರಿ ನೋಡಿದರು.

"ಇದೇನಿದು, ಜಡ್ಡುಗಟ್ಟಿದೆ? ಹೊಲಿಗೆ ಕಲೀತಿದೀಯಾ?"

"ಗಿಟಾರ್" ಎಂದೆ. ಕಳ್ಳತನ ಒಪ್ಪಿಕೊಂಡಂತೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಬೆರಳನ್ನು ಮುಕ್ಕಾಲು ಹಾಡಿಗೆ ಸವೆಸಿಬಿಟ್ಟಿದ್ದೆ, ಅದೂ ಪದಕ ಎಂದುಕೊಂಡು.

ಟೈಲರಮ್ಮ ನಕ್ಕರು. ತಮ್ಮ ಬಲಗೈ ಬೆರಳುಗಳನ್ನು ನನ್ನ ಮುಂದೆ ಹಿಡಿದರು. ತುದಿಗಳೆಲ್ಲ ಸಣ್ಣ ಸಣ್ಣ ತೂತಿನ ಕಲೆ, ಒಣಗಿದ ಚರ್ಮ. "ಮೂವತ್ತೈದು ವರ್ಷ ಸೂಜಿ ತಳ್ಳಿದ ಕೈ ಇದು. ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೂ ಗೊತ್ತಾಗಲ್ಲ. ಆದ್ರೆ ರೇಷ್ಮೆ ಮೇಲೆ ಒಂದು ಎಳೆ ಸುಕ್ಕಾಗಿದ್ರೂ ಕಂಡುಹಿಡೀತೀನಿ. ಹೇಗೆ ಹೇಳು?"

ಆ ಬೆರಳುಗಳನ್ನು ಒಂದೊಂದಾಗಿ ನೋಡಿದೆ.

"ಇದರಲ್ಲಿ" ಎಂದು ಕಿರುಬೆರಳು ಎತ್ತಿ ತೋರಿಸಿದರು. "ನಮ್ಮ ಕೆಲಸದವರೆಲ್ಲ ಇದನ್ನ ಬೇರೆ ಇಟ್ಟಿರ್ತೀವಿ. ಇದರಿಂದ ಏನೂ ತಳ್ಳಲ್ಲ, ಏನೂ ಎಳೆಯಲ್ಲ. ಮುಟ್ಟಿ ನೋಡೋಕೆ ಅಂತಲೇ ಇರೋದು ಇದು. ಎಲ್ಲಿ, ನಿಂದು ಕೊಡು." ನನ್ನ ಸೋಮಾರಿ ಬೆರಳನ್ನು ಸವರಿ ನೋಡಿದರು. "ಮಗುವಿನ ಬೆರಳ ಹಾಗಿದೆ. ನೋಡು, ಅವಸರ ಮಾಡಬೇಡ."

ಕೈ ಮತ್ತೆ ತೊಳೆದುಕೊಂಡು ಬಂದೆ. ಪಟ್ಟಿ ಬಿಗಿದು ಕಿರುಬೆರಳಿಟ್ಟೆ. ಆ ಬೆರಳಿಗೆ ಕೆಲಸ ಗೊತ್ತಿರಲಿಲ್ಲ. ಅದು ಎಲ್ಲವನ್ನೂ ಒಟ್ಟಿಗೆ ಹೇಳತೊಡಗಿತು. ಚರ್ಮದ ಬಿಸಿ, ಒಂದು ರೋಮ, ಕೆಳಗೆ ಎಲುಬಿನ ಅಂಚು. ಮೊಣಕೈಯಿಂದ ಇಂಚಿಂಚಾಗಿ ಕೆಳಗೆ ಬಂದೆ. ಕಿರಿಯ ನರ್ಸ್ ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಮುಂಗೈಯ ಹೊರಬದಿಯಲ್ಲಿ, ಯಾರೂ ಹುಡುಕದ ಜಾಗದಲ್ಲಿ, ಏನೋ ಒತ್ತಿದರೆ ತಗ್ಗಿತು, ಬಿಟ್ಟರೆ ಮೇಲೆ ಬಂತು. ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಮೇಲೆ ಬಂತು.

ನಾಲ್ಕು ಸಲ ಔಷಧಿ ಹರಿದ ಮೈಯಲ್ಲಿ ಅದೊಂದು ತನ್ನ ಪಾಡಿಗೆ ತಾನು ಮೆತ್ತಗೆ ಉಳಿದುಕೊಂಡಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ. ಪೆನ್ನಿನಿಂದ ಪಕ್ಕದಲ್ಲಿ ಗುರುತು ಹಾಕಿ, ಸ್ಪಿರಿಟ್ ಹಚ್ಚಿ ಚರ್ಮ ಒರೆಸಿ, ಗ್ಲೌಸ್ ತೊಟ್ಟು ಸೂಜಿ ಇಳಿಸಿದೆ. ಕೆಂಪು ಬಂತು. ಮೊದಲು ಬರೀ ಸಲೈನ್ ಬಿಟ್ಟು ನೋಡಿದೆ. ಊತವಿಲ್ಲ, ಉರಿಯಿಲ್ಲ, ಹನಿ ಸರಾಗವಾಗಿ ಬೀಳುತ್ತಿತ್ತು. ಕಿರಿಯ ನರ್ಸ್ ತನ್ನ ಕಿರುಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಎಷ್ಟು ಚೆಂದ ಇದೆ ಗೊತ್ತಾ, ಟೈಲರಮ್ಮ" ಎಂದುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಹೇಳಿದ್ದು. "ಒಳಗೆ ಇಷ್ಟೆಲ್ಲ ಆದ್ರೂ ಅದು ಹೇಗೆ ಹರೀತಾ ಇದೆ ಅಂತ."

ಅವರು ತಮ್ಮ ಕೈಯನ್ನು, ಯಾರೋ ಉಡುಗೊರೆ ಕೊಟ್ಟರೇನೋ ಎಂಬಂತೆ, ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು.

"ಗಿಟಾರ್ ಬಿಡ್ಬೇಡ. ಆ ಬೆರಳು ಮಾತ್ರ ನಂಗೆ ಎತ್ತಿಡು. ಇನ್ನೊಂದು ಸಲ ಇದೆ."

ಸಂಜೆ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಹುರುಪಿನಲ್ಲಿದ್ದರು. "ಬನ್ನಿ ಅಕ್ಕ, ಇವತ್ತಿಂದ ಕಿರುಬೆರಳಿಗೆ ಪಾಠ."

"ಅದು ಬೇಡ ಮೇಷ್ಟ್ರೇ. ಅದನ್ನ ಎತ್ತಿಟ್ಟಿದೀನಿ."

"ಎತ್ತಿಟ್ಟಿದೀರಾ? ಬೆರಳನ್ನಾ? ಅದಿಲ್ದೆ ಅರ್ಧ ಹಾಡುಗಳು ಬರಲ್ಲ ಅಕ್ಕ, ಈ ಜನ್ಮದಲ್ಲಿ."

"ಬರೋ ಅರ್ಧ ಕಲಿಸಿ" ಎಂದೆ. ಕಿರುಬೆರಳನ್ನು ಅಂಗೈಯೊಳಗೆ ಮಡಿಸಿ, ಉಳಿದ ಮೂರನ್ನು ತಂತಿಯ ಮೇಲಿಟ್ಟೆ.