ನಾನಿಲ್ಲದ ಕಾದಂಬರಿ

ನನ್ನ ತಂಗಿ ಬರೆದ ಮೊದಲ ಕಾದಂಬರಿಯಲ್ಲಿ ಎಲ್ಲರೂ ಇದ್ದಾರೆ, ನಾನೊಬ್ಬಳು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಮೇಲೆ ನಗುನಗುತ್ತ ಮಾತಾಡುವ ಜಾಯಮಾನ ನನ್ನದಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಗೆಲ್ಲ ಗೊತ್ತು.

ನಮ್ಮದು ಸೈಕಲ್ ರಿಪೇರಿ ಅಂಗಡಿ. ಅಪ್ಪ ಶುರು ಮಾಡಿದ್ದು, ಅಪ್ಪ ಹೋದ ಮೇಲೆ ನಾವಿಬ್ಬರೇ ನಡೆಸುತ್ತಿದ್ದೇವೆ. ಚಕ್ರದ ಓರೆ ತೆಗೆಯುವುದು, ಚೈನು, ಬ್ರೇಕು ನನ್ನ ಪಾಲು. ಪಂಕ್ಚರು ಅವಳ ಪಾಲು. ಅವಳಿಗೆ ನಾನಿಟ್ಟ ಹೆಸರು ಪಿಟೀಲು. ಚಿಕ್ಕವಳಿದ್ದಾಗ ಹಗಲೆಲ್ಲ ಕುಂಯ್ ಕುಂಯ್ ಅನ್ನುತ್ತಿದ್ದಳು, ಅದಕ್ಕೆ. ಈಗ ಮೂವತ್ತು ದಾಟಿದ್ದಾಳೆ, ಆ ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ.

ಅವಳು ಬರೆಯುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಳೇ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೊಂದು ಹಲಗೆ ಹಾಕಿದರೆ ಅದೇ ಮೇಜು. ಗಿರಾಕಿ ಬಂದರೆ ಎದ್ದು ಬರುತ್ತಿದ್ದಳು, ಆದರೆ ಬರುತ್ತಿದ್ದದ್ದು ಮೈ ಮಾತ್ರ. ಒಂದು ಸಲ ಟ್ಯೂಬಿಗೆ ಚೆಂದವಾಗಿ ತೇಪೆ ಹಾಕಿ, ಟೈರಿನಲ್ಲಿ ಸಿಕ್ಕಿಕೊಂಡಿದ್ದ ಮೊಳೆ ತೆಗೆಯುವುದನ್ನೇ ಮರೆತು ಸೈಕಲ್ ಕೊಟ್ಟು ಕಳಿಸಿದಳು. ಆ ಮನುಷ್ಯ ಬೀದಿಯ ತಿರುವಿನಿಂದಲೇ ಸೈಕಲ್ ತಳ್ಳಿಕೊಂಡು ವಾಪಸು ಬಂದ. ನಾನು ಕೂಗಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ, "ಅಕ್ಕ, ಈಗ ಬೈದ್ಯಲ್ಲ, ಅದನ್ನ ಇನ್ನೊಂದು ಸಲ ಹೇಳು, ಚೆನ್ನಾಗಿತ್ತು," ಅಂದಳು. ಇಂಥವಳ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಳ್ಳುವುದು?

ಪುಸ್ತಕ ಬಂತು. ಸಂತೋಷವಾಗಲಿಲ್ಲ ಅಂದರೆ ಬಾಯಿಗೆ ಹುಳ ಬಿದ್ದೀತು. ಕೈ ತೊಳೆದು, ಒರೆಸಿಕೊಂಡು, ಮೂಸಿ ನೋಡಿಯೇ ತೆರೆದೆ. ಓದುತ್ತ ಹೋದ ಹಾಗೆ ಒಬ್ಬೊಬ್ಬರೇ ಸಿಕ್ಕರು. ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಹಾಕಿ ಯಾವ ಲೋಟ ಎಂದು ಮರೆಯುವ ನಮ್ಮ ಚಿಕ್ಕಮ್ಮ. ಹಾವು ಸಾಯಬಾರದು ಕೋಲು ಮುರಿಯಬಾರದು ಎನ್ನುವಂಥ ಸೋದರಮಾವ. ಎದುರಿನ ಔಷಧಿ ಅಂಗಡಿಯವನನ್ನು ಕಳ್ಳನನ್ನಾಗಿ ಮಾಡಿದ್ದಾಳೆ. ಆದರೆ ಅವನ ಮೀಸೆಯನ್ನು ಅರ್ಧ ಪುಟ ಹೊಗಳಿರುವುದರಿಂದ ಅವನು ಬಂದವರಿಗೆಲ್ಲ ಆ ಪುಟ ತೆರೆದು ತೋರಿಸುತ್ತಾನೆ. ನಮ್ಮ ಕುಂಟು ನಾಯಿಗೂ ಒಂದು ಅಧ್ಯಾಯ ಇದೆ.

ಆಮೇಲೆ ಬಸ್ಸು ಬಂತು.

ಆ ಬಸ್ಸಿನ ಕಥೆ ನಿಮಗೆ ಮೊದಲು ಹೇಳಬೇಕು. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಪಿಟೀಲಿಗೆ ಏಳು ವರ್ಷ, ನನಗೆ ಹದಿನಾರು. ಅಮ್ಮ ಇನ್ನೂ ಅಲ್ಲೇ ಮಲಗಿದ್ದಾಳೆ, ನಾವೇ ಬಿಟ್ಟು ಬಂದಿದ್ದೇವೆ ಎಂದು ಅವಳು ನಂಬಿದ್ದಳು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹೋಗಿ ಬಸ್ಸು ಹತ್ತಿ ಕೂತಳು. ಕಿಟಕಿಯಲ್ಲಿ ಅವಳ ತಲೆ ಕಂಡದ್ದು ನನಗೆ. ಅಷ್ಟರಲ್ಲಿ ಬಸ್ಸು ಹೊರಟಿತ್ತು. ಬಿದ್ದೆನೋ ಎದ್ದೆನೋ ಎಂದು ಓಡಿಹೋಗಿ, ಎರಡೂ ಕೈ ಚಾಚಿ ಬಸ್ಸಿಗೆ ಅಡ್ಡ ನಿಂತೆ. ಡ್ರೈವರು ನನ್ನ ವಂಶವನ್ನೆಲ್ಲ ಜಾಲಾಡಿದ. ಅವಳನ್ನು ಇಳಿಸಿ, ಬೆನ್ನಿಗೆ ಎರಡು ಕೊಟ್ಟು, ಆಮೇಲೆ ಎತ್ತಿಕೊಂಡು ಮನೆಗೆ ಬಂದೆ. ಅವತ್ತಿನಿಂದ ಅವಳಿಗೆ ತಾಯಿ ಅಂದರೂ ನಾನೇ, ಅಕ್ಕ ಅಂದರೂ ನಾನೇ.

ಕಾದಂಬರಿಯಲ್ಲೂ ಅಮ್ಮ ಸಾಯುತ್ತಾಳೆ, ಹುಡುಗಿ ಬಸ್ಸು ಹತ್ತುತ್ತಾಳೆ, ಕಿಟಕಿಯ ಪಕ್ಕ ಕೂರುತ್ತಾಳೆ. ಆದರೆ ಬಸ್ಸಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ. ಆ ಹುಡುಗಿಗೆ ಅಕ್ಕನೇ ಇಲ್ಲ. ಬಸ್ಸು ಹೋಗಿಬಿಡುತ್ತದೆ.

ಮುಂದಿನದನ್ನು ಹಲ್ಲು ಕಚ್ಚಿಕೊಂಡು ಓದಿ ಮುಗಿಸಿದೆ. ಆ ಹುಡುಗಿ ಯಾವ್ಯಾವುದೋ ಮನೆಗಳಲ್ಲಿ ಕೆಲಸ ಮಾಡಿಕೊಂಡು ಬೆಳೆಯುತ್ತಾಳೆ, ಕೊನೆಯ ಪುಟದಲ್ಲಿ ಒಂದು ಮನೆಯಿಂದ ಹೊರಬಿದ್ದು ಬೀದಿಯಲ್ಲಿ ನಿಲ್ಲುತ್ತಾಳೆ. ನಿಂತರೆ ನಿಲ್ಲಲಿ, ನನಗೇನು ಅನಿಸಿತು. ನಾಯಿಗಿರುವ ಜಾಗ ನನಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಅವಳನ್ನೇ ಕೇಳಬಹುದಿತ್ತಲ್ಲ ಅಂತೀರಾ? ಕೇಳಿ ಇಸಿದುಕೊಳ್ಳೋಕೆ ಇದೇನು ಗಾಳಿ ಹೊಡೆಯೋ ಪಂಪಾ? ನಿಜ ಹೇಳಬೇಕೆಂದರೆ ಕೇಳೋಕೆ ಭಯ. ಇಷ್ಟು ವರ್ಷ ಅವಳ ಪಾಲಿಗೆ ನಾನು ಲೆಕ್ಕಕ್ಕೇ ಇರಲಿಲ್ಲವೇನೋ, ಅದನ್ನು ಅವಳ ಬಾಯಿಂದಲೇ ಕೇಳಬೇಕಾಗುತ್ತದೇನೋ ಎಂಬ ಭಯ. ಅದಕ್ಕೇ ಒಂದು ವಾರ ಬೇಕಾದ್ದಕ್ಕಷ್ಟೇ ಬಾಯಿ ಬಿಟ್ಟೆ.

ಅಷ್ಟರಲ್ಲಿ ವಾರಪತ್ರಿಕೆಯ ಹುಡುಗಿಯೊಬ್ಬಳು ಪಿಟೀಲಿನ ಸಂದರ್ಶನಕ್ಕೆ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಫೋನನ್ನು ಪಾನಾಗಳ ಪಕ್ಕ ಇಟ್ಟು ರೆಕಾರ್ಡಿಂಗ್ ಒತ್ತಿದಳು. ಪಿಟೀಲು ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಲೇ ಉತ್ತರ ಕೊಡುತ್ತಿದ್ದಳು. ನಾನು ಚಕ್ರ ಸ್ಟ್ಯಾಂಡಿಗೇರಿಸಿ ಕಡ್ಡಿ ಬಿಗಿಮಾಡುತ್ತ ಅತ್ತ ತಿರುಗದೆ ಕಿವಿ ಮಾತ್ರ ಅಲ್ಲೇ ಇಟ್ಟಿದ್ದೆ.

"ಯಾವಾಗ ಬರೀತೀರಿ ಮೇಡಂ?"

"ಕೈಯೆಲ್ಲ ಗ್ರೀಸು ಇರುತ್ತಲ್ಲ, ಮೊದಲು ತಲೇಲೇ ಬರ್ಕೋತೀನಿ. ಕೈ ತೊಳೆದ ಮೇಲೆ ಕಾಗದಕ್ಕೆ. ಅಷ್ಟರಲ್ಲಿ ಅರ್ಧ ಮರೆತುಹೋಗಿರುತ್ತೆ. ಉಳಿದ ಅರ್ಧವೇ ಚೆನ್ನಾಗಿರೋದು."

"ಹವ್ಯಾಸಗಳು?"

"ಎದುರು ಅಂಗಡಿಯವರ ಜೊತೆ ಚೆಸ್ ಆಡಿ ಸೋಲೋದು. ಯಾರಾದ್ರೂ ಮನೆ ಖಾಲಿ ಮಾಡ್ತಿದ್ರೆ ನಿಂತು ಸಾಮಾನು ನೋಡೋದು. ನಿದ್ದೆ."

ಮೂರನೆಯದನ್ನೇ ಮೊದಲು ಹೇಳಬೇಕಿತ್ತು ಎಂದುಕೊಂಡೆ.

"ನಿಮಗೆ ಸ್ಫೂರ್ತಿ ಯಾರು?"

ನನ್ನ ಕೈ ನಿಂತಿತು. ಪಿಟೀಲು ಯೋಚಿಸಿ ಹೇಳಿದಳು, "ಇಲ್ಲಿಗೆ ಬರೋ ಜನಾನೇ. ಪಂಕ್ಚರ್ ಹಾಕೋ ಹೊತ್ತಲ್ಲಿ ಮನಸ್ಸಲ್ಲಿರೋದೆಲ್ಲ ಹೇಳಿಬಿಡ್ತಾರೆ. ಎಲ್ಲಿಗೂ ಹೋಗೋ ಹಾಗಿಲ್ಲ ನೋಡಿ, ಇನ್ನೇನು ಮಾಡ್ತಾರೆ. ಆಮೇಲೆ ನಮ್ಮ ಲೈಬ್ರರಿ ಮೇಡಂ. ಬಾಗಿಲು ಹಾಕೋ ಹೊತ್ತಾದ್ರೂ ನನ್ನ ಎಬ್ಬಿಸ್ತಿರಲಿಲ್ಲ. ನಮ್ಮಪ್ಪ. ಅಷ್ಟೇ ಅನ್ಸುತ್ತೆ."

ಅಷ್ಟೇ ಅನಿಸುತ್ತಂತೆ. ನಾನು ಹಿಡಿದಿದ್ದ ಕಡ್ಡಿಯನ್ನು ಎಷ್ಟು ಬಿಗಿಮಾಡಿದೆನೋ, ಟಣ್ ಎಂದು ಕಿತ್ತುಬಂತು. ಪತ್ರಿಕೆಯ ಹುಡುಗಿ ಬೆಚ್ಚಿಬಿದ್ದಳು.

"ಇದನ್ನೂ ಬರ್ಕೊಳ್ಳಮ್ಮ," ಅಂದೆ. "ಆ ಬಸ್ಸನ್ನ ನಿಲ್ಲಿಸಿದ್ದು ನಾನು. ಅದು ಹೋಗಲೇ ಇಲ್ಲ. ಇವಳನ್ನ ಕಂಕುಳಲ್ಲಿ ಹೊತ್ಕೊಂಡು ಬಂದೆ. ಇವಳ ಪುಸ್ತಕದಲ್ಲಿ ನಾಯಿ ಇದೆ, ಚಿಕ್ಕಮ್ಮನ ಹಲ್ಲಿದೆ, ನಾನಿಲ್ಲ."

ಪಿಟೀಲು ಟ್ಯೂಬನ್ನು ಬೋಗುಣಿಯಲ್ಲೇ ಬಿಟ್ಟಳು. "ಅದಕ್ಕೇನಾ ಒಂದು ವಾರದಿಂದ ಮುಖ ಊದಿಸ್ಕೊಂಡಿದ್ದು?"

"ನಾನು ನಿನಗೆ ಯಾರೂ ಅಲ್ವೇನೇ?" ಧ್ವನಿ ಗಟ್ಟಿಯಾಗಿ ಬರಲಿ ಎಂದುಕೊಂಡಿದ್ದೆ, ಬರಲಿಲ್ಲ.

"ಮೊದಲು ನಿನ್ನ ಹಾಕಿಯೇ ಬರೆದಿದ್ದೆ ಅಕ್ಕ. ನೀನು ಬಂದೆ, ಬಸ್ಸು ನಿಲ್ಲಿಸಿದೆ, ಎರಡು ಬಾರಿಸಿದೆ, ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿದೆ. ಆಮೇಲೆ ಏನಂತ ಬರೀಲಿ? ಆ ಹುಡುಗಿ ಹತ್ರ ಒಂದು ಕಷ್ಟಾನೂ ಸುಳಿಯಲಿಲ್ಲ. ಬಂದ ಕಷ್ಟನೆಲ್ಲ ನೀನು ಬಾಗಿಲಲ್ಲೇ ಬೈದು ಓಡಿಸ್ತಿದ್ದೆ. ಕಥೆ ಅಲ್ಲೇ ಕೂತುಬಿಡ್ತು."

ಪತ್ರಿಕೆಯ ಹುಡುಗಿ ನಕ್ಕಳು. ನಾನು ನಗಲಿಲ್ಲ.

"ಅದಕ್ಕೆ ನಿನ್ನ ತೆಗೆದೆ," ಅಂದಳು ಪಿಟೀಲು. "ನೀನು ಇಲ್ಲದೇ ಹೋಗಿದ್ರೆ ನಾನು ಏನಾಗ್ತಿದ್ದೆ ಅಂತ ನೋಡೋಣ ಅಂತ. ಪುಸ್ತಕ ಪೂರ್ತಿ ಅದೇ. ಬರೀತಾ ಬರೀತಾ ಎಷ್ಟು ಹೆದರಿಕೆ ಆಗ್ತಿತ್ತು ಗೊತ್ತಾ? ಹಿಂದಿನ ಕೋಣೆಯಿಂದ ಎದ್ದು ಬಂದು ನೀನು ಇದ್ದೀಯಾ ಅಂತ ನೋಡ್ಕೊಂಡು ಹೋಗ್ತಿದ್ದೆ. ಸ್ಫೂರ್ತಿ ಅಂತ ಕೇಳಿದ್ರೆ ನಿನ್ನ ಹೆಸರು ಹೇಗೆ ಹೇಳಲಿ? ಸ್ಫೂರ್ತಿ ಅನ್ನೋದು ನಿನಗೆ ತೀರಾ ಚಿಕ್ಕ ಮಾತು."

ನಿಜ, ಬರುತ್ತಿದ್ದಳು. ಬಾಗಿಲಿಗೆ ಒರಗಿ ಸುಮ್ಮನೆ ನಿಲ್ಲುತ್ತಿದ್ದಳು. ಏನೇ, ಕೆಲಸ ಇಲ್ವಾ ಎಂದು ಗದರಿದರೆ ನಕ್ಕು ಒಳಗೆ ಹೋಗುತ್ತಿದ್ದಳು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಸಿಟ್ಟಿನಲ್ಲಿ ಓದಿದ್ದ ಪುಟಗಳೆಲ್ಲ ಆಗ ಒಟ್ಟಿಗೇ ಬಂದು ಎದೆಗೆ ತಾಗಿದವು. ಬಿಕ್ಕಳಿಕೆ ಬಂದರೆ ಮನೆಯವರು ಬೈದಾರೆಂದು ಬಾಯಿಗೆ ಬಟ್ಟೆ ಒತ್ತಿಕೊಳ್ಳುವ ಹುಡುಗಿ. ಜ್ವರ ಬಂದರೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುವ ಹುಡುಗಿ. ಅವಳು ಯಾರೋ ಅಂದುಕೊಂಡಿದ್ದೆ. ಅವಳು ನನ್ನ ಪಿಟೀಲು. ನಾಚಿಕೆಯೇನು ಬಂತು, ಪತ್ರಿಕೆಯವಳ ಎದುರೇ ಅತ್ತೆ.

ಅತ್ತು ಮುಗಿಸಿ, ಸೆರಗಿನಲ್ಲಿ ಮೂಗೊರೆಸಿಕೊಂಡು ಕೇಳಿದೆ, "ಕೊನೇಲಿ ಆ ಹುಡುಗಿ ಬೀದೀಲಿ ನಿಂತ್ಕೋತಾಳಲ್ಲ, ಆಮೇಲೆ ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ ಅಕ್ಕ. ಕಾದಂಬರಿ ಅಲ್ಲಿಗೆ ಮುಗೀತು."

"ಮುಗೀತು ಅಂದ್ರೆ? ಅವಳನ್ನ ಅಲ್ಲೇ ನಿಲ್ಲಿಸಿ ಬಂದು ಇಲ್ಲಿ ಹವ್ಯಾಸ ಹೇಳ್ತಾ ಕೂತಿದ್ದೀಯಾ?"

"ಮತ್ತೇನು ಮಾಡಲಿ?"

"ಇನ್ನೊಂದು ಬರಿ," ಅಂದೆ. "ಅದ್ರಲ್ಲಿ ನನ್ನ ಹಾಕು. ಯಾವ ಬೀದೀಲಿ ನಿಂತಿದ್ದಾಳೆ ಅಂತ ಹೇಳು ಸಾಕು. ನಾನು ಹೋಗಿ ಕರ್ಕೊಂಡು ಬರ್ತೀನಿ."