ಕುರಿ ನೆಕ್ಕಿದ ಪ್ಯಾನೆಲ್

ಮುದುಕಗ ಮರವು ಬಂದೈತಿ ಅಂದಾಂವ ಯಾವನಲೇ? ಎದುರಿಗೆ ಬಂದ ಅನ್ನು. ಭೀಮಸಿ ಹೊಲದಾಗ ಯಾವ ಕುರಿ ಮೊದಲ ನಾಲಿಗಿ ಚಾಚಿತ್ತು, ಅದೂ ನೆನಪೈತಿ ನನಗ. ಕರೀ ಕಿವೀದು. ಸುಮ್ನ ಕುಂತ ಫೋನಿನ್ಯಾಗ ನನ್ನ ದನಿ ಕೇಳ್ರಿ.

ಭೀಮಸಿ ನಮ್ಮ ಪಾಲಬಾವಿಯಂವ. ಒಂದಿಷ್ಟ ಕುರಿ, ತ್ವಾಟದಾಗ ಮನಿ. ಹೇಂತಿ ತಾರವ್ವಗ ದಮ್ಮಿನ ಬ್ಯಾನಿ. ಕಬ್ಬ ಕಡದ ಮ್ಯಾಲ ಮಂದಿ ಉಳದ ಒಣ ಎಲಿ, ರವದಿ ಸುಡತಾರಲ್ಲ, ಆ ಹೊಗಿಗೆ ಆಕಿ ಎದಿ ಪೀಪಿ ಊದತೈತಿ. ಔಷಧದ ಹಬಿ ಬಿಡೂ ಮಷೀನ ಹಚ್ಚಿದ್ರ ಉಸರ ಹಗರ ಆಕ್ಕೈತಿ. ಕರೆಂಟ ಹ್ವಾದ್ರ ಮಷೀನೂ ಬಂದ್. ಒಮ್ಮೆ ಹಂಗಾಗಿ ಆಕಿ ತುಟಿ ನೀಲಿ ಆಗಿದ್ದ ಭೀಮಸಿ ಕಣ್ಣಾರೆ ನೋಡ್ಯಾನ. ಅವತ್ತಿಂದ ಮನಿ ಮ್ಯಾಲ ಸೋಲಾರ ಹಾಕಬೇಕಂತ ಹಟಾ ಹಿಡದಾ.

ಒಬ್ಬ ವ್ಯಾಪಾರಿ ಟೆಂಪೋದಾಗ ನಾಕ ಹಳೇ ಪ್ಯಾನೆಲ್ ತಂದಾ, ಅರ್ಧಾ ದರ. ನಾಕನ್ನೂ ಬೇವಿನ ಗಿಡಕ್ಕ ಆನಿಸಿ ಇಟ್ಟಾ. ಏನ್ ಹೇಳ್ಲಿ, ನಾಕ ಬಾವಿ ಎಬ್ಬಿಸಿ ನಿಂದರಿಸಿಧಂಗ ಕಂಡ್ವು. ಒಳಗ ಮೋಡ ತೇಲಾಕತ್ತಿದ್ವು. ಬೆಳ್ಳಕ್ಕಿ ಹಿಂಡ ಒಂದ ಗಾಜಿನಿಂದ ಇನ್ನೊಂದ ಗಾಜಿಗೆ ಹಾರಿ ಹೊಂಟಿತ್ತ. ಕುರಿ ಬಂದ್ವು, ನೀರಂತ ತಿಳದ ನೆಕ್ಕಿದ್ವು. ನಾನೂ ಹೊಳಿ ದಂಡ್ಯಾಗ ಕುಂತಂಗ ನೋಡ್ಕೋತ ಕುಂತ ಬಿಟ್ಟೆ. ವ್ಯಾಪಾರಿ ಮೀಟರ ಹಚ್ಚಿ ವೋಲ್ಟೇಜ ತೋರಿಸಿದಾ, ಬರೋಬ್ಬರಿ ಇತ್ತ. ಭೀಮಸಿ ಕೈ ಕಿಸೆಕ್ಕ ಹೋತ.

ಹೊರಸಿನ ಮ್ಯಾಲಿಂದ ತಾರವ್ವ ಉಸರ ಎಳಕೋತ ಅಂದ್ಲು, "ಎಮ್ಮಿ ತರೂ ಮುಂದ ಎರಡ ಹೊತ್ತ ನಿನ್ನ ಕೈಲೇ ಹಿಂಡಿ ನೋಡ್ತಿ. ಇದನ್ನ ಬರೇ ಮಾರಿ ಚಂದ ನೋಡಿ ತಗೋತಿಯೇನ?"

ಭೀಮಸಿ ಕೈ ಕಿಸೇದಾಗ ಉಳೀತ. ಆಕಿ ಅಣ್ಣನ ಮಗಳು ಮನಿಷಾ ನಿಪ್ಪಾಣ್ಯಾಗ ಸೋಲಾರ ಕೂಡಸೂ ಕೆಲಸ ಮಾಡ್ತಾಳ. ಫೋನ ಹಚ್ಚಿ ಕರಸಿದ್ರು. ಗಟ್ಟಿ ಬಿಸಲಾಗ ಅಳದ್ರನ ಖರೇ ತಾಕತ್ತ ತಿಳೀತೈತಿ ಅಂತ, ಬಿಸಲ ನೆತ್ತಿಗೆ ಬರೂತನಕ ಆ ಪೋರಿ ವ್ಯಾಪಾರಿ ಸುದ್ದಾ ಎಲ್ಲಾರನ್ನೂ ಕುಂಡರಿಸಿದ್ಲು. ಭೀಮಸಿ ಗೊಣಗಿದಾ, ಗಾಜ ಎಷ್ಟ ಸ್ವಚ್ಛ ಐತಿ, ಕುರೀನೂ ಮೆಚ್ಚ್ಯಾವ ಅಂದಾ.

"ಕುರಿಗೆ ಆಕಾಶ ಕಾಣತೈತಿ ಮಾವಾ, ಕರೆಂಟ ಕಾಣಾಂಗಿಲ್ಲ" ಅಂದ್ಲು ಮನಿಷಾ. "ವೋಲ್ಟೇಜ ಅಂದ್ರ ಎಮ್ಮಿ ಕೆಚ್ಚಲಾ. ಹಾಲ ಅಂದ್ರ ಆಂಪಿಯರ. ಇಂವ ನಿನಗ ಕೆಚ್ಚಲಾ ತೋರಿಸ್ಯಾನ."

ಒಂದೊಂದ ಬೋರಲ ಹಾಕಿದ್ಲು. ಒಂದಕ್ಕ ಹಿಂದ ಚೀಟಿನ ಇಲ್ಲ, ಅದರ ತಾಕತ್ತ ಎಷ್ಟಂತ ಯಾರಿಗ ಗೊತ್ತ. ಒಂದರ ಹಿಂದಿನ ಹಾಳಿ ಬಿರದಿತ್ತ, ವಾಯರಿನ ಡಬ್ಬಿ ಸುಟ್ಟಿತ್ತ. ಮಳಿ ನೀರ ಹೊಕ್ಕರ ಶಾಕ್ ಹೊಡೀತೈತಿ, ಬೆಂಕೀನೂ ಹತ್ತಬಹುದು ಅಂದ್ಲು. ಮೂರನೇದರ ಚೀಟಿ ಮ್ಯಾಲ ಒಂಬತ್ತ ಆಂಪಿಯರ, ಬಿಸಲಿಗೆ ತಿರುವಿ ಮೀಟರ ಹಚ್ಚಿದ್ರ ಕೊಟ್ಟಿದ್ದ ನಾಕು. ನಾಕನೇದ ಮಾತ್ರ ಎಂಟರ ಮ್ಯಾಲ ಕೊಟ್ಟಿತ. ಎಲ್ಲಾ ಕೂಡಸಿ ಹಾಕಿದ್ರ ನಡೀತೈತಿಲ್ಲ ಅಂತ ಭೀಮಸಿ ಕೇಳಿದಾ. ಸೋತ ಎತ್ತಿನ ಜೋಡಿ ಹೂಡಿದ್ರ ಗಟ್ಟಿ ಎತ್ತೂ ನಿಧಾನ ಆಕ್ಕೈತಿ ಅಂದ್ಲು.

ಗ್ಯಾರಂಟಿ ಬರದ ಕೊಡು ಅಂದ್ರ ವ್ಯಾಪಾರಿ ಟೆಂಪೋ ಚಾಲೂ ಮಾಡಿದಾ. ಅಂವ ಹೋಗೂ ಮೊದಲ ನಾಕನೇ ಪ್ಯಾನೆಲ್ ಒಂದನ್ನ ಕುರಿ ದೊಡ್ಡಿ ದೀಪಕ್ಕ ತಗೊಂಡ್ರು. ಮನಿಗೆ ಗ್ಯಾರಂಟಿ ಇದ್ದ ಹೊಸಾ ಪ್ಯಾನೆಲ್, ಅದರ ಜೋಡಿ ಬ್ಯಾಟರಿ ಹಾಕಿಸಿದ್ರು. ಬ್ಯಾಟರಿ ಇಲ್ದ ಹ್ವಾದ್ರ ಹೊತ್ತ ಮುಣಗಿದ ಮ್ಯಾಲ ಪ್ಯಾನೆಲ್ ಬರೇ ಗಾಜ.

ಮೊನ್ನೆ ಆಜೂಬಾಜೂ ಹೊಲದಾಗ ರವದಿ ಸುಟ್ರು, ಕರೆಂಟೂ ಹೋತ. ನಾ ಅಲ್ಲೇ ಇದ್ದೆ. ತಾರವ್ವ ಮಷೀನ ಹಚ್ಚಿಕೊಂಡ್ಲು. ಜುಂಯ್ ಅಂತ ಸಪ್ಪಳ. ಆಕಿ ತುಟಿ ಕೆಂಪಗ ಇದ್ವು. ಭೀಮಸಿ ಆ ತುಟಿ ಬಿಟ್ಟ ಬ್ಯಾರೆ ಏನೂ ನೋಡ್ಲಿಲ್ಲ. ಕರೀ ಕಿವಿ ಕುರಿ ದೊಡ್ಡಿ ಮುಂದ ಗೋಣ ಎತ್ತಿ ನಿಂತಿತ್ತ, ಮ್ಯಾಲ ಕೂಡಿಸಿದ ಪ್ಯಾನೆಲ್ಲಿನ ನೀರ ಯಾವಾಗ ಕೆಳಗ ಬರತೈತಿ ಅಂತ.

ಹಳೇದ ಬ್ಯಾಡ ಅನ್ನಾಂಗಿಲ್ಲ ನಾ. ಬೋರಲ ಹಾಕಿ ನೋಡ್ರಿ, ಚೀಟಿ ಓದ್ರಿ, ಸುಡೂ ಬಿಸಲಾಗ ತಿಳದವರ ಕಡಿಂದ ಆಂಪಿಯರ ಅಳತಿ ಮಾಡಸ್ರಿ, ಆಮ್ಯಾಲ ಕಿಸೆಕ್ಕ ಕೈ ಹಾಕ್ರಿ. ಈಗ ನನ್ನ ಈ ದನಿ ಅಗ್ಗದ ಪ್ಯಾನೆಲ್ ತರಾಕ ಹೊಂಟಾವನ ಫೋನಿಗೆ ದಾಟಸ್ರಿ. ಬಾಯಿಲೇ ಹೇಳಾವ್ರು ಕರೀ ಕಿವಿ ಅನ್ನೂದ ಮಾತ್ರ ಬಿಡಬ್ಯಾಡ್ರಿ, ಮುದುಕಗ ಮರವಿಲ್ಲಂತ ಗೊತ್ತಾಗ್ಲಿ.